ಔರಾದ್ ದಾರಿಯ ಬಿಸಿಲು ಮತ್ತು ನನ್ನ ಅರೆತೋಳಿನ ಅಂಗಿ

ಬೈಕನ್ನು ಜೋರಾಗಿ ಓಡಿಸಿದಷ್ಟೂ ಮೈ ಹೆಚ್ಚು ಸುಡುತ್ತದೆ ಎಂದರೆ ನಮ್ಮ ಗಂಗೊಳ್ಳಿಯಲ್ಲಿ ಯಾರೂ ನಂಬಲಾರರು. ನಾನೂ ನಂಬುತ್ತಿರಲಿಲ್ಲ. ಬೀದರಿಗೆ ಬಂದ ಮೊದಲ ಏಪ್ರಿಲ್‌ನ ಒಂದು ಮಧ್ಯಾಹ್ನ, ಕಡಲತೀರದವಳ ಅಭ್ಯಾಸದಂತೆ ಹೆಲ್ಮೆಟ್ಟಿನ ಗಾಜನ್ನು ಮೇಲೆತ್ತಿ, ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಗಾಳಿ ಬರಲಿ ಎಂದು ವೇಗ ಹೆಚ್ಚಿಸಿದೆ. ಗಾಳಿ ಬಂತು. ಬಾಣಲೆಯ ಮೇಲೆ ಬಗ್ಗಿ ನೋಡಿದಾಗ ಮುಖಕ್ಕೆ ಬಡಿಯುವ ಝಳ ಅದು. ಕಣ್ಣು ಒಣಗಿ ರೆಪ್ಪೆ ಅಂಟಿಕೊಂಡಿತು, ತುಟಿ ನೆಕ್ಕಿದರೆ ಬರೀ ಉಪ್ಪು. ಮೈಲೂರು ಬಡಾವಣೆಯ ಬಾಡಿಗೆ ಮನೆಗೆ ಬಂದು ಅಂಗಿ ಬಿಚ್ಚಿ ನೋಡಿದರೆ ಒಂದು ಹನಿ ಬೆವರಿಲ್ಲ, ಬೆನ್ನಿನುದ್ದಕ್ಕೂ ಉಪ್ಪಿನ ಬಿಳಿಯ ಗೆರೆಗಳು ಮಾತ್ರ. ಹುಟ್ಟಿದಾಗಿನಿಂದ ಬೆವರಿನಲ್ಲೇ ಈಜಿದವಳಿಗೆ ಬೆವರೇ ಕಾಣದ ಬೇಸಿಗೆ! ಹೆದರಬೇಕಿತ್ತು. ನಾನು ಮೂರ್ಖಳಂತೆ ಖುಷಿಪಟ್ಟೆ.

ಪಶುಪಾಲನಾ ಇಲಾಖೆಯ ಪರೀಕ್ಷಕಿಯ ಕೆಲಸ ನನ್ನದು. ಬೀದರಿನಿಂದ ಭಾಲ್ಕಿ, ಬೀದರಿನಿಂದ ಔರಾದ್, ನಡುವಿನ ಹಳ್ಳಿಗಳಿಗೆ ಕುರಿ, ಆಡು, ಎಮ್ಮೆಗಳ ಲಸಿಕೆ ಹೊತ್ತು ಬೈಕಿನಲ್ಲಿ ತಿರುಗುವುದು. ಇಲ್ಲಿಯ ಜನ ನಮ್ಮ ಆಸ್ಪತ್ರೆಗೆ ದನದ ದವಾಖಾನಿ ಎನ್ನುತ್ತಾರೆ, ನನ್ನನ್ನು ಡಾಕ್ಟರಬಾಯಿ ಎನ್ನುತ್ತಾರೆ. ನಾನು ಡಾಕ್ಟರ್ ಅಲ್ಲ ಎಂದು ಮೊದಲ ತಿಂಗಳು ಎಲ್ಲರಿಗೂ ತಿದ್ದಿ ಹೇಳಿದೆ. ಆಮೇಲೆ ಕುರಿಗಳೇ ತಕರಾರು ಮಾಡದಿದ್ದ ಮೇಲೆ ನನ್ನದೇನು ಎಂದು ಬಿಟ್ಟೆ.

ಮನೆಯೊಡತಿ ಶಾಂತಾಬಾಯಿ ನಿವೃತ್ತ ಶಿಕ್ಷಕಿ. ಅವರ ಹಜಾರದಲ್ಲಿ ಬುದ್ಧನ ಒಂದು ಚಿತ್ರ, ಅದರ ಕೆಳಗೆ ಒಂದು ಮಣ್ಣಿನ ಸುರಾಹಿ. ಸುರಾಹಿ ಎಂದರೆ ಉದ್ದ ಕೊರಳಿನ ಹೂಜಿ. ನಮ್ಮ ಕಡೆ ಮಣ್ಣಿನ ಪಾತ್ರೆಯಲ್ಲಿ ನೀರಿಟ್ಟರೆ ಅದು ನೀರಾಗಿಯೇ ಇರುತ್ತದೆ. ಇಲ್ಲಿ ಒಣ ಗಾಳಿ ಮಣ್ಣಿನ ಮೈಯ ಪಸೆಯನ್ನು ಹೀರಿ ಹೀರಿ, ಒಳಗಿನ ನೀರನ್ನು ಹಲ್ಲು ಜುಮ್ಮೆನ್ನುವಷ್ಟು ತಂಪು ಮಾಡುತ್ತದೆ. ನಾನು ಅದನ್ನು ದಿನಕ್ಕೆ ಹತ್ತು ಸಲ ಕುಡಿದೆ. ಅದು ಹೇಗೆ ತಂಪಾಗುತ್ತದೆ ಎಂದು ಮಾತ್ರ ಒಂದು ಸಲವೂ ಯೋಚಿಸಲಿಲ್ಲ.

ಬಂದ ವಾರವೇ ಅವರು ನನ್ನ ಕೈಗೆ ದೊಡ್ಡದೊಂದು ಹತ್ತಿಯ ದಸ್ತಿ ಕೊಟ್ಟರು. ದಸ್ತಿ ಎಂದರೆ ಕರವಸ್ತ್ರ, ಆದರೆ ಇದು ತಲೆ, ಕತ್ತು, ಮುಖ ಎಲ್ಲ ಸುತ್ತಿಕೊಳ್ಳುವಷ್ಟು ಅಗಲ.

"ಗಾಡಿ ಮ್ಯಾಲ ಹೋಗೋಮುಂದ ನೀರಾಗ ಅದ್ದಿ ಸುತಗೋರಿ. ತುಂಬತೋಳಿನ ಅಂಗಿ ಹಾಕ್ರಿ. ನಮ್ಮ ಬಿಸಲಿಗಿ ಮೈ ತೋರಸಬಾರದ್ರಿ" ಎಂದರು.

"ನಾನು ಸಮುದ್ರದ ಬಿಸಿಲಿನಲ್ಲಿ ಬೆಳೆದವಳು ಟೀಚರೇ. ಸುತ್ತಿಕೊಂಡರೆ ನನಗೆ ಉಸಿರು ಕಟ್ಟುತ್ತದೆ" ಎಂದೆ.

ಅವರು ಒಂದು ಕ್ಷಣ ನನ್ನನ್ನು ದಡ್ಡ ವಿದ್ಯಾರ್ಥಿಯನ್ನು ನೋಡುವ ಹಾಗೆ ನೋಡಿ, "ಆಯ್ತ್ರಿ, ಬಿಸಲೇ ಕಲಸ್ತದ" ಎಂದು ಒಳಗೆ ಹೋದರು. ದಸ್ತಿ ನನ್ನ ಪೆಟ್ಟಿಗೆಯಲ್ಲಿ ಮಡಿಕೆ ಮುರಿಯದೆ ಉಳಿಯಿತು. ನಾನು ಅರೆತೋಳಿನ ಅಂಗಿಯಲ್ಲಿ ಓಡಾಡುತ್ತಲೇ ಇದ್ದೆ.

ಆ ಏಪ್ರಿಲ್‌ನ ಕೊನೆಯಲ್ಲಿ ಔರಾದ್ ಕಡೆಯ ಬೀರಪ್ಪ ಎಂಬ ಕುರಿಗಾಹಿಯಿಂದ ಫೋನ್ ಬಂತು. ಹಿಂದಿನ ವರ್ಷ ಮೊದಲ ಮಳೆಯ ಎಳೆ ಹುಲ್ಲು ತಿಂದು ಅವರ ಹದಿನಾರು ಮರಿಗಳು ಕರುಳುಬೇನೆಯಲ್ಲಿ ಸತ್ತಿದ್ದವು. ಮಳೆಗೆ ಮುಂಚೆ ಲಸಿಕೆ ಹಾಕಿದರೆ ಈ ರೋಗ ಹತ್ತಿರ ಸುಳಿಯುವುದಿಲ್ಲ. ಆದರೆ ಮೇವು ಮುಗಿದಿತ್ತು. ಅವರ ಹಿಂಡು ಮರುದಿನ ಬೆಳಗಿನ ಜಾವವೇ ಭಾಲ್ಕಿಯ ಮೇಲಿಂದ ಮಹಾರಾಷ್ಟ್ರದ ಗಡಿ ದಾಟಲಿತ್ತು. ಗಡಿ ದಾಟಿದ ಹಿಂಡನ್ನು ಹುಡುಕಿ ಸೂಜಿ ಹಾಕುವುದು ಆಗದ ಮಾತು. "ಇವತ್ತೇ ಬರ್ರಿ ಬಾಯಿ, ಈ ವರ್ಷನೂ ಮರಿ ಹೋದ್ರ ನಾವು ಮುಗದಂಗೇ" ಎಂದಿದ್ದರು ಬೀರಪ್ಪ. ಬರುತ್ತೇನೆ ಎಂದು ಮಾತು ಕೊಟ್ಟಿದ್ದೆ.

ಲಸಿಕೆ ಕೈಗೆ ಸಿಕ್ಕಾಗ ಮಧ್ಯಾಹ್ನ ಹನ್ನೆರಡೂವರೆ. ನಾಲ್ಕರವರೆಗೆ ಕಾದು ಹೊರಟರೂ ಹೊತ್ತು ಮುಳುಗುವ ಮುಂಚೆ ಕೆಲಸ ಮುಗಿಯುತ್ತಿತ್ತು. ಇಲ್ಲಿಯ ಯಾರೇ ಆದರೂ ಹಾಗೇ ಮಾಡುತ್ತಿದ್ದರು. ನನಗೆ ಚಿಂತೆ ಹತ್ತಿದ್ದು ಐಸಿನದ್ದು. ಲಸಿಕೆ ಬೆಚ್ಚಗಾದರೆ ಅದು ನೀರಿಗೆ ಸಮ. ಹಾಗಾಗಿ ಡಬ್ಬಿಗೆ ಐಸ್ ತುಂಬಿ, ಮುಚ್ಚಳ ಬಿಗಿದು, ಅದರ ಸುತ್ತ ಗೋಣಿಚೀಲ ಸುತ್ತಿ, ಗೋಣಿಯ ಮೇಲೆ ಎರಡು ತಂಬಿಗೆ ನೀರು ಸುರಿದು, ಮತ್ತೆ ಬಿಸಿಲು ತಾಗದ ಹಾಗೆ ಬಿಳಿಯ ಪಂಚೆ ಹೊದಿಸಿ ಹಿಂದಿನ ಸೀಟಿಗೆ ಕಟ್ಟಿದೆ. ಎಳೆಗೂಸನ್ನು ಹಾಗೆ ಸುತ್ತಿ ಮಲಗಿಸುತ್ತಾರೆ. ಆಮೇಲೆ ಅರೆತೋಳು, ತೆರೆದ ಕತ್ತು, ಮೇಲೆತ್ತಿದ ಹೆಲ್ಮೆಟ್ ಗಾಜಿನೊಂದಿಗೆ ನಾನು ಹೊರಟೆ.

ಬೀದರಿನ ಕೆಂಪು ನೆಲ ಇಳಿದು ಮಾಂಜ್ರಾ ನದಿಯ ಸೇತುವೆ ದಾಟಿದರೆ ಕಪ್ಪು ಭೂಮಿ ಶುರು. ಹೊಲಗಳು ಬಾಯಿ ಬಿಟ್ಟು ಬಿರಿದಿದ್ದವು, ರಸ್ತೆಯಲ್ಲಿ ಒಂದು ನಾಯಿಯೂ ಇರಲಿಲ್ಲ. ಬಾಟಲಿಯ ನೀರು ಚಹಾದಷ್ಟು ಬಿಸಿಯಾಗಿತ್ತು, ಕುಡಿಯಲು ಮನಸ್ಸಾಗಲಿಲ್ಲ. ಸ್ವಲ್ಪ ಹೊತ್ತಿಗೆ ತಲೆ ಸಿಡಿಯತೊಡಗಿತು. ಇನ್ನೂ ಸ್ವಲ್ಪ ಹೊತ್ತಿಗೆ ಒಂದು ವಿಚಿತ್ರವಾಯಿತು: ನನಗೆ ಚಳಿಯಾಯಿತು. ತೋಳಿನ ರೋಮ ನೆಟ್ಟಗೆ ನಿಂತಿತ್ತು. ಪರವಾಗಿಲ್ಲ, ತಂಪಾಗುತ್ತಿದೆ ಎಂದುಕೊಂಡೆ. ಅಂಥ ಬುದ್ಧಿ ನನ್ನದು. ದೂರದ ಹುಣಸೆಮರದ ಕೆಳಗೆ ಕುರಿಗಳ ಹಿಂಡು, ಎರಡು ಮನುಷ್ಯಾಕೃತಿ ಕಂಡವು. ಬೈಕು ನಿಲ್ಲಿಸಿ ಕಾಲು ಊರಲು ಹೋದೆ. ಕಾಲು ಸಿಗಲಿಲ್ಲ. ಬೈಕು, ಡಬ್ಬಿ, ನಾನು ಮೂವರೂ ಒಟ್ಟಿಗೆ ಬಿದ್ದೆವು.

ಕಣ್ಣು ಬಿಟ್ಟಾಗ ನನ್ನ ಮೇಲೆ ಕರಿಯ ಆಕಾಶವಿತ್ತು. ಆಮೇಲೆ ತಿಳಿಯಿತು, ಅದು ಕಂಬಳಿ. ಎರಡು ಕೋಲು ನೆಟ್ಟು, ಕೊಂಬೆಗಳ ಸಂದಿನ ಬಿಸಿಲು ಬೀಳದಂತೆ ಕಟ್ಟಿದ್ದರು. ಯಾರೋ ನನ್ನ ಮೈಮೇಲೆ ಒದ್ದೆ ಸೀರೆ ಹಾಸಿ, ಅದರ ಮೇಲೆ ಕೊಡದಿಂದ ನೀರು ಚಿಮುಕಿಸಿ, ಬಿದಿರಿನ ಮೊರದಿಂದ ಗಾಳಿ ಹಾಕುತ್ತಿದ್ದರು. ಬೀರಪ್ಪನವರ ಹೆಂಡತಿ ಮಾಳಮ್ಮ. ಅರವತ್ತರ ಹೆಂಗಸು, ಮೊಣಕೈವರೆಗೆ ಹಚ್ಚೆ. ಪಕ್ಕದಲ್ಲಿ ಬೀರಪ್ಪ ನನ್ನ ಡಬ್ಬಿಯ ಗೋಣಿ ಬಿಚ್ಚುತ್ತಿದ್ದರು.

"ಬರ್ಫ್ ಅದ ಇದರಾಗ. ತೆಲಿ ಮ್ಯಾಲ ಇಡತೇನಿ ತಡಿ" ಎಂದು ಮುಚ್ಚಳಕ್ಕೆ ಕೈ ಹಾಕಿದರು.

ಎಲ್ಲಿಂದ ಶಕ್ತಿ ಬಂತೋ, ನಾನು ಉರುಳಿ ಹೋಗಿ ಡಬ್ಬಿಯನ್ನು ತಬ್ಬಿಕೊಂಡೆ. "ತೆಗೆಯಬೇಡಿ! ನಿಮ್ಮ ಕುರಿಯ ಲಸಿಕೆ!" ಎಂದು ಕಿರುಚಿದೆನಂತೆ. ಗಂಟಲಿನಿಂದ ಹೊರಟದ್ದು ಕಾಗೆಯ ದನಿಯಂತಿತ್ತು ಎಂದು ಆಮೇಲೆ ಮಾಳಮ್ಮ ಅಣಕಿಸಿ ತೋರಿಸಿದರು.

"ಕುರಿ ಹೋದ್ರ ಹೋಗಲಿ ಬಾಯಿ, ಮನಷ್ಯಾರ ಜೀವ ಮೊದಲ" ಎಂದರು ಬೀರಪ್ಪ. ಮರಿ ಹೋದರೆ ಮುಗಿದಂತೆ ಎಂದು ಬೆಳಿಗ್ಗೆಯಷ್ಟೇ ಹೇಳಿದ್ದ ಮನುಷ್ಯ. ನಾನು ಡಬ್ಬಿ ಬಿಡಲಿಲ್ಲ. ಮಾಳಮ್ಮ ಗಂಡನ ಕೈ ಸರಿಸಿ, "ಐಸ್ ಬ್ಯಾಡ, ನನ್ನ ಸೀರಿನೇ ಸಾಕು" ಎಂದು, ಉಪ್ಪು ಹಾಕಿದ ಮಜ್ಜಿಗೆಯನ್ನು ಗುಟುಕು ಗುಟುಕಾಗಿ ಕುಡಿಸಿದರು. ಒಮ್ಮೆಗೇ ಗಟಗಟ ಕುಡಿಯಲು ಬಿಡಲಿಲ್ಲ. ಅರ್ಧ ತಾಸಿನ ಮೇಲೆ ನನ್ನ ಹಣೆಯಲ್ಲಿ ಬೆವರು ಮೂಡಿತು. ಬೆವರು ಕಂಡು ಅಷ್ಟು ಸಂತೋಷವಾದದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ನಾನು ಸುಧಾರಿಸಿಕೊಂಡದ್ದು ಕಂಡ ಮೇಲೆ ಮಾಳಮ್ಮ ಡಬ್ಬಿಯನ್ನು ಹತ್ತಿರ ಎಳೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಬಿಳಿ ಪಂಚೆ, ಅರ್ಧ ಬಿಚ್ಚಿದ ಒದ್ದೆ ಗೋಣಿ, ಬಿಗಿದ ಮುಚ್ಚಳ.

"ಇದನ್ನ ಯಾರ್ರಿ ಕಟ್ಟದವರು?"

"ನಾನೇ."

"ಭಾಳ ಚಂದ ಕಟ್ಟೀರಿ. ಡಬ್ಬಿಗಿ ಹಸಿ ಅರಬಿ ಸುತ್ತಬೇಕು, ಮ್ಯಾಲ ಮುಚ್ಚಬೇಕು ಅಂತ ಗೊತ್ತದ. ನಿಮಗ ಯಾಕ ಸುತ್ತಿಲ್ರಿ? ನೀವೇನ್ ಡಬ್ಬಿಗಿಂತ ಕಡಿಮಿ ಏನು?"

ನಾನು ಕುರಿಗಳ ಕಡೆ ತಿರುಗಿದೆ. ಮರದ ಕೆಳಗೆ ಕುರಿಗಳು ಒಂದರ ಹೊಟ್ಟೆಯ ನೆರಳಲ್ಲಿ ಒಂದು ತಲೆ ತೂರಿಸಿ ನಿಂತಿದ್ದವು. ಮೈತುಂಬ ಉಣ್ಣೆ ಇದ್ದ ಅವುಗಳಿಗೂ ತಲೆ ಎಲ್ಲಿಡಬೇಕೆಂದು ಗೊತ್ತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯನ್ನು ನನ್ನಂಥವಳನ್ನು ಕಂಡೇ ಮಾಡಿರಬೇಕು.

ಬಿಸಿಲು ಇಳಿದ ಮೇಲೆ ಡಬ್ಬಿ ತೆರೆದೆವು. ಐಸ್ ಇನ್ನೂ ಗಟ್ಟಿಯಾಗಿತ್ತು. ನಾನು ಕಲ್ಲಿನ ಮೇಲೆ ಒದ್ದೆ ಬಟ್ಟೆ ಸುತ್ತಿಕೊಂಡು ಕೂತೆ, ಅವರಿಬ್ಬರೂ ಒಂದೊಂದೇ ಕುರಿ ಹಿಡಿದು ತಂದರು. ಹೊತ್ತು ಮುಳುಗುವಷ್ಟರಲ್ಲಿ ಹಿಂಡಿನ ಕೊನೆಯ ಮರಿಗೂ ಸೂಜಿ ಆಯಿತು. ಬೀರಪ್ಪ ನನ್ನ ಬೈಕನ್ನು ಎತ್ತಿ ನಿಲ್ಲಿಸಿ, ತಮ್ಮ ರುಮಾಲಿನಿಂದ ಅದರ ಧೂಳು ಒರೆಸಿದರು. ಔರಾದ್‌ನ ಆಸ್ಪತ್ರೆಯಲ್ಲಿ ಸಲೈನ್ ಹಾಕಿಸಿಕೊಂಡು ನಾನು ಮನೆ ಸೇರಿದೆ. ಶಾಂತಾಬಾಯಿ ವಿಷಯ ಕೇಳಿ ಬೈಯಲಿಲ್ಲ. ನನ್ನ ಪೆಟ್ಟಿಗೆ ತೆಗೆದು, ದಸ್ತಿಯನ್ನು ನೀರಿನಲ್ಲಿ ನೆನೆಹಾಕಿದರು. ಬೈದಿದ್ದರೆ ವಾಸಿಯಿತ್ತು.

ಅಂದಿನಿಂದ ನಾನು ನನ್ನನ್ನೇ ಡಬ್ಬಿಯಂತೆ ಕಟ್ಟಿಕೊಂಡು ಹೊರಡುತ್ತೇನೆ. ತುಂಬುತೋಳಿನ ಸಡಿಲ ಹತ್ತಿ ಅಂಗಿಯನ್ನು ನೀರಿನಲ್ಲಿ ಅದ್ದಿ ಹಿಂಡಿ ಹಾಕಿಕೊಳ್ಳುವುದು, ಅದರ ಮೇಲೆ ದಪ್ಪ ಜಾಕೆಟ್, ಕತ್ತಿಗೆ ಒದ್ದೆ ದಸ್ತಿ, ಕೈಗೆ ಗವಸು, ಹೆಲ್ಮೆಟ್ಟಿನ ಗಾಜು ಕೆಳಗೆ. ಜಾಕೆಟ್ಟಿನ ಜಿಪ್ಪನ್ನು ಕೊರಳ ಬಳಿ ಎರಡು ಬೆರಳಷ್ಟು ಬಿಟ್ಟರೆ ಒಳಗೆ ಸ್ವಲ್ಪವೇ ಗಾಳಿ ನುಗ್ಗಿ ಅಂಗಿಯ ತೇವವನ್ನು ನಿಧಾನವಾಗಿ ಎಳೆಯುತ್ತದೆ. ಸುರಾಹಿಯ ಕೆಲಸವನ್ನು ಬೆನ್ನೇ ಮಾಡುತ್ತದೆ. ಅಂಗಿ ಒಣಗಿತು ಅನ್ನಿಸಿದ ಕಡೆ ಬೋರ್‌ವೆಲ್ ಕಂಡರೆ ನಿಲ್ಲಿಸಿ ಮತ್ತೆ ನೆನೆಸುತ್ತೇನೆ, ಉಪ್ಪು ನಿಂಬೆಯ ನೀರನ್ನು ಬಾಯಾರದಿದ್ದರೂ ಕುಡಿಯುತ್ತೇನೆ. ಇಷ್ಟೆಲ್ಲ ಇದ್ದರೂ ಹನ್ನೊಂದರಿಂದ ನಾಲ್ಕರವರೆಗೆ ಬೈಕು ಮುಟ್ಟುವುದಿಲ್ಲ. ಮೊದಲ ಸಲ ಹೀಗೆ ಭಾಲ್ಕಿಗೆ ಹೋಗಿ ಇಳಿದಾಗ ಬೆನ್ನು ಇನ್ನೂ ತಣ್ಣಗಿತ್ತು. ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಮುಂದೆ ಒಬ್ಬಳೇ ನಿಂತು ನಕ್ಕೆ. ಪರೀಕ್ಷೆ ಪಾಸಾದಾಗಲೂ ನಾನು ಅಷ್ಟು ನಕ್ಕಿರಲಿಲ್ಲ.

ಅಮ್ಮನಿಗೆ ಮಾತ್ರ ಬಿದ್ದ ಸಂಗತಿ ಹೇಳಿರಲಿಲ್ಲ. ಗಂಗೊಳ್ಳಿಯಲ್ಲಿ ಒಬ್ಬಳೇ ಒಣಮೀನಿನ ವ್ಯಾಪಾರ ನಡೆಸುವ ಗಟ್ಟಿ ಹೆಂಗಸು ಅವಳು, ಆದರೆ ನನ್ನ ವಿಷಯದಲ್ಲಿ ಮೆತ್ತಗೆ. ವಾರ ವಾರ ಫೋನಿನಲ್ಲಿ ಇಲ್ಲಿ ಗಾಳಿ ಒಳ್ಳೆಯದಿದೆ, ಬೆವರೇ ಇಲ್ಲ ಎನ್ನುತ್ತಿದ್ದೆ. ಬೆವರಿಲ್ಲ ಎಂಬುದು ಸುಳ್ಳೂ ಅಲ್ಲ.

ಜೂನ್ ಕೊನೆಗೆ ರಜೆ ಹಾಕಿ ಊರಿಗೆ ಹೋದೆ. ಮಳೆ ಬಿಟ್ಟಿದ್ದ ಒಂದು ಬೆಳಿಗ್ಗೆ, ಮೈಗೆ ಹತ್ತಿದ ರೂಢಿಯಂತೆ ಜಾಕೆಟ್ ಹಾಕಿ, ದಸ್ತಿ ಸುತ್ತಿ ಪೇಟೆಗೆ ಹೊರಟೆ. ಅಮ್ಮ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು, "ಈ ಸೆಕೆಯಂಗೆ ಜಾಕೀಟ್ ಹಾಯ್ಕಂಬ್ದಾ? ಮಂಡೆ ಸಮ ಇತ್ತಾ ನಿಂಗೆ?" ಎಂದಳು. ಅವಳು ಹೇಳಿದ್ದು ಸರಿಯೇ. ಎರಡು ಕಿಲೋಮೀಟರಿಗೆ ಒಳಗೆಲ್ಲ ಬೆಂದು ಹೋದೆ. ನಮ್ಮೂರಿನ ಗಾಳಿ ತಾನೇ ಒದ್ದೆ, ಅದು ಇನ್ನೊಬ್ಬರ ತೇವವನ್ನು ಏನು ಎಳೆದೀತು? ವಾಪಸ್ ಬಂದು ಜಾಕೆಟ್ ಬಿಸಾಕಿ ಅಂಗಳದಲ್ಲಿ ಕೂತಾಗಲೇ ಮಾಳಮ್ಮನ ಫೋನ್ ಬಂತು. ಸ್ಪೀಕರ್‌ಗೆ ಹಾಕಿದೆ.

"ಬಾಯಿ, ಮಳಿ ಆಯ್ತ್ರಿ! ಹುಲ್ಲು ಬಂದದ, ತಿಂದಾವ, ಒಂದ್ ಮರಿನೂ ಹೋಗಿಲ್ರಿ. ಎಲ್ಲಾ ಆರಾಮ ಅವ."

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಎರಡು ತಿಂಗಳಿಂದ ಅದೇ ಸುದ್ದಿಗೆ ಕಾದಿದ್ದೆ.

"ನಿಮ್ಮವ್ವ ಅದಾರೇನ್ರಿ ಅಲ್ಲಿ? ಜರಾ ಮಾತಾಡ್ತೇನಿ" ಎಂದರು ಮಾಳಮ್ಮ. ನಾನು ತಡೆಯುವ ಮೊದಲೇ ಅಮ್ಮ ಹತ್ತಿರ ಬಂದು "ಹಾಂ, ಹೇಳಿ" ಎಂದಳು.

"ಅಕ್ಕಾರ, ನಿಮ್ಮ ಮಗಳು ನಮ್ಮ ಮರಿ ಉಳಸ್ಯಾಳ್ರಿ. ಬ್ಯಾಸಿಗ್ಯಾಗ ಹಾದ್ಯಾಗ ಬಿದ್ದು ಕಣ್ಣ ಮ್ಯಾಲ ಮಾಡಿದ್ಲು, ನಮಗ ಜೀವ ಹೋದಂಗ ಆಗಿತ್ತು. ಅವಾಗೂ ಆ ಡಬ್ಬಿ ಬಿಡಲಿಲ್ರಿ. ಈಗ ಮೈತುಂಬ ಸುತಗೊಂಡು ತಿರಗತಾಳ. ನೀವು ಫಿಕರ್ ಮಾಡಬ್ಯಾಡ್ರಿ, ನಾವ್ ಅದೇವಿ."

ಅಮ್ಮನಿಗೆ ಎಲ್ಲ ಮಾತು ಅರ್ಥವಾಗಲಿಲ್ಲ. ಬೇಕಾದಷ್ಟು ಅರ್ಥವಾಯಿತು. "ಹಾಂ, ಹಾಂ" ಎಂದು ಫೋನ್ ಇಟ್ಟು ನನ್ನ ಕಡೆ ತಿರುಗಿದಳು.

"ಗಾಳಿ ಲಾಯ್ಕಿತ್ತ್ ಅಂದಿದ್ದೆ ಅಲ್ದಾ?" ಎಂದಳು.

ನಾನು ತಲೆ ತಗ್ಗಿಸಿದೆ. ಅಳು ಬಂತು, ಜೊತೆಗೇ ಹಗುರವೂ ಆಯಿತು. ಇನ್ನು ಬಚ್ಚಿಡುವುದು ಏನೂ ಉಳಿದಿರಲಿಲ್ಲ. ನಾನು ಬಿಸಾಕಿದ್ದ ಜಾಕೆಟನ್ನು ಅಮ್ಮ ಎತ್ತಿ, ಕೊಡವಿ, ಹಗ್ಗದ ಮೇಲೆ ಹಾಕಿದಳು. ಒಳಗೆ ಹೋಗಿ ಡಬ್ಬಗಳನ್ನು ಸರಿಸುವ ಸದ್ದು ಕೇಳಿಸಿತು. ಅಲ್ಲಿಂದಲೇ ಕೂಗಿದಳು:

"ಆ ಹೆಂಗ್ಸ್ ಒಣಮೀನ್ ತಿಂತ್ರಾ ಕೇಣ್. ಕಟ್ಟಿ ಕೊಡ್ತೆ. ನಿಮ್ಮೂರಂಗೆ ಸಿಕ್ಕುದಿಲ್ಲ ಅಲ್ದಾ?"

ಅಮ್ಮ ಬೀದರನ್ನು ನಿಮ್ಮೂರು ಎಂದದ್ದು ಅದೇ ಮೊದಲು. ಸಮಾಧಾನವಾಯಿತು, ನಿಜಕ್ಕೂ ಆಯಿತು. ಆದರೆ ಹಾಗಾದರೆ ಈ ಗಂಗೊಳ್ಳಿ ಯಾರ ಊರು ಎಂದು ಅವಳನ್ನು ಕೇಳಲು ನನಗೆ ಧೈರ್ಯ ಬರಲಿಲ್ಲ.