ಗಂಟಲಿಲ್ಲದ ಮೇಷ್ಟ್ರಮ್ಮ

ನಮ್ಮ ಅಡುಗೆಮನೆಯ ಗೂಡಿನಲ್ಲಿ, ಸಾಸಿವೆ ಜೀರಿಗೆ ಡಬ್ಬಿಗಳ ಸಾಲಿನ ತುದಿಗೆ, ಜ್ಯೇಷ್ಠಮಧುವಿನ ತುಂಡುಗಳನ್ನು ತುಂಬಿಟ್ಟ ಒಂದು ಪುಟ್ಟ ಡಬ್ಬಿ ಇದೆ. ಕಡ್ಡಿಯಂತಿರುವ ಆ ತುಂಡುಗಳನ್ನು ಕಂಡು ಚಕ್ಕೆಯೋ ಲವಂಗದ ತೊಟ್ಟೋ ಎಂದು ಗಲಿಬಿಲಿಗೊಂಡು ಸಾರಿಗೆ ಹಾಕಹೊರಟವರೂ ಉಂಟು. ಗಂಟಲಿಗೆ ಹಿತವೆಂದು ಬೆಳಿಗ್ಗೆ ಮನೆ ಬಿಡುವಾಗ ಅದರಲ್ಲೊಂದನ್ನು ದವಡೆಗೆ ಸಿಕ್ಕಿಸಿಕೊಳ್ಳುವುದು ನನಗೆ ಚಪ್ಪಲಿ ಮೆಟ್ಟಿದಷ್ಟೇ ಸಹಜವಾಗಿಬಿಟ್ಟಿದೆ. ಮೊನ್ನೆ ನನ್ನ ತಂಗಿಯ ಮಗಳು ಸುಮ, ಅಜ್ಜಂಪುರದ ಕಡೆಯ ಹಳ್ಳಿಯೊಂದಕ್ಕೆ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ನೇಮಕವಾಗಿ, ಹೋಗುವ ಮುನ್ನ ನನ್ನನ್ನು ನೋಡಲು ಬಂದಿದ್ದಳು. "ದೊಡ್ಡಮ್ಮ, ಇಷ್ಟು ವರ್ಷ ಪಾಠ ಮಾಡಿದೀರ. ಹೊಸಬರಿಗೆ ಉಪಯೋಗಕ್ಕೆ ಬರೋ ಹಾಗೆ ಏನಾದ್ರೂ ಹೇಳಿ," ಎಂದಳು. ಅವಳ ಮುಖದಲ್ಲಿದ್ದ ಉತ್ಸಾಹವನ್ನು ನೋಡಿ ನನಗೆ ಸಂತೋಷಕ್ಕಿಂತ ಮೊದಲು ಆಯಾಸವೇ ಆಯಿತು. ಏನು ಹೇಳುವುದು? ನಾನು ಕಲಿತದ್ದರಲ್ಲಿ ಹೆಚ್ಚಿನದನ್ನು ಕಲಿತದ್ದು ನನ್ನ ಗಂಟಲು ಕೈಕೊಟ್ಟ ಆ ಒಂದು ಮಳೆಗಾಲದಲ್ಲಿ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ; ಬಿಡುವಿದ್ದರೆ ಕೇಳಿ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಚೌಳಹಿರಿಯೂರಿನಿಂದ ಇನ್ನೂ ಒಳಗೆ, ಬಸ್ಸು ಇಳಿದು ಬಯಲಲ್ಲಿ ನಡೆದು ಸೇರಬೇಕಾದ ಒಂದು ಹಳ್ಳಿಯಲ್ಲಿ ನನ್ನ ಶಾಲೆ. ಒಂದೇ ಕೋಣೆ, ನಾಲ್ಕು ತರಗತಿ, ಎಲ್ಲಕ್ಕೂ ನಾನೊಬ್ಬಳೇ. ಒಂದನೆಯವರಿಗೆ ಅಕ್ಷರ, ಎರಡನೆಯವರಿಗೆ ಮಗ್ಗಿ, ಮೂರನೆಯವರಿಗೆ ಪದ್ಯ, ನಾಲ್ಕನೆಯವರಿಗೆ ಭಾಗಾಕಾರ. ಒಬ್ಬರ ತಲೆಯ ಮೇಲಿಂದ ಇನ್ನೊಬ್ಬರಿಗೆ ಕೂಗಿ ಹೇಳಬೇಕು. ನಾನು ಕೂಗಿದಷ್ಟೂ ಮಕ್ಕಳು ಕೂಗುತ್ತಿದ್ದರು, ಮಕ್ಕಳು ಕೂಗಿದಷ್ಟೂ ನಾನು. ನಡುವೆ ಮಕ್ಕಳ ಮಧ್ಯಾಹ್ನದ ಉಪ್ಪಿಟ್ಟಿನ ಒಲೆ ಹೊಗೆಯಾಡುತ್ತಿದೆಯೇ ಉರಿಯುತ್ತಿದೆಯೇ ನೋಡಬೇಕು, ಮನೆಗಣತಿ ಬಂದರೆ ಮನೆಮನೆ ತಿರುಗಬೇಕು, ಕುಟುಂಬ ಯೋಜನೆಯ ಮಾತನ್ನು ತಾಯಂದಿರ ಕಿವಿಗೆ ಹಾಕಬೇಕು. ಸಂಜೆ ಕಡೂರಿನ ಬಾಡಿಗೆಮನೆಗೆ ಮರಳಿದಾಗ ಗಂಡನೊಡನೆ ಆಡಲು ನನ್ನಲ್ಲಿ ಮಾತು ಉಳಿದಿರುತ್ತಿರಲಿಲ್ಲ. ಮುನಿಸಿಕೊಂಡಿದ್ದೇನೆಂದು ಅವರು ಎಷ್ಟೋ ಸಲ ತಪ್ಪು ತಿಳಿದದ್ದುಂಟು.

ಆ ವರ್ಷ ಆಷಾಢದ ಗಾಳಿ ನಮ್ಮ ಬಯಲುಸೀಮೆಯ ಮೇಲೆ ಬಿದ್ದ ರಭಸಕ್ಕೆ ಶಾಲೆಯ ಹೆಂಚುಗಳು ದಿನವಿಡೀ ಪಟಪಟ ಎನ್ನುತ್ತಿದ್ದವು. ಅದನ್ನು ಮೀರಿಸಲು ಇನ್ನಷ್ಟು ಕೂಗಿದೆ. ಮೊದಲು ಉರಿ, ಆಮೇಲೆ ಕೆರೆತ, ಕೊನೆಗೊಂದು ಬೆಳಿಗ್ಗೆ ಹಾಜರಿ ಕರೆಯಲು ಬಾಯಿ ತೆರೆದರೆ ಬರೀ ಗಾಳಿ. ಮಕ್ಕಳು ಮೊದಲು ನಕ್ಕರು. ಆಮೇಲೆ ಹೆದರಿ ಸುಮ್ಮನಾದರು.

ಕಡೂರಿನ ಡಾಕ್ಟರು ಬಾಯಿಗೆ ದೀಪ ಬಿಟ್ಟು ನೋಡಿ, "ಒಳಗೆ ಗಂಟಿನ ಹಾಗೆ ಊದಿಕೊಂಡಿದೆ. ಒಂದು ತಿಂಗಳು ಮಾತಾಡಲೇಬಾರದು," ಎಂದರು. ನಾನು ಪಿಸುದನಿಯಲ್ಲಿ ಏನೋ ಹೇಳಹೊರಟೆ. ಅವರು ಕೈ ಅಡ್ಡ ಹಿಡಿದರು. "ಪಿಸುಗುಟ್ಟೋದೂ ಬೇಡ. ಅದು ಇನ್ನೂ ಕೆಟ್ಟದ್ದು. ರಜೆ ಹಾಕಿ ಮನೇಲಿರಿ. ಇಲ್ಲ ಅಂದ್ರೆ ಈ ದನಿ ಹೋದದ್ದು ಹೋದ ಹಾಗೇ."

ರಜೆ ಎಂಬ ಮಾತು ಕೇಳಿ ನನಗೆ ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ನನಗಿಂತ ಹಿಂದೆ ಆ ಶಾಲೆಯಲ್ಲಿದ್ದವರು ಕಾಯಿಲೆ ಬಿದ್ದು ರಜೆ ಹೋದಾಗ ಬದಲಿಗೆ ಯಾರೂ ಬಂದಿರಲಿಲ್ಲವಂತೆ. ಬಾಗಿಲಿಗೆ ಬೀಗ ಬಿದ್ದಿತು. ಮಕ್ಕಳು ಕುರಿ ಕಾಯಲು, ಕೂಸು ನೋಡಿಕೊಳ್ಳಲು ಹೋದರು. ಬೀಗ ತೆಗೆದಾಗ ಅರ್ಧ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ತಿರುಗಿ ಬರಲೇ ಇಲ್ಲ. ಅವರನ್ನು ಒಬ್ಬೊಬ್ಬರನ್ನಾಗಿ ಮನೆಯಿಂದ ಕರೆತರಲು ನಾನು ಪಟ್ಟ ಪಾಡು ನನ್ನ ಕಾಲುಗಳಿಗೆ ಗೊತ್ತು. ಇನ್ನೊಂದು ಸಲ ಅದೇ ಕೆಲಸ ಮಾಡುವ ಶಕ್ತಿ ನನ್ನಲ್ಲಿರಲಿಲ್ಲ. ನಿಜ ಹೇಳಬೇಕೆಂದರೆ, ನಾನು ಶಾಲೆಗೆ ಹೋಗಲು ನಿಶ್ಚಯಿಸಿದ್ದು ಧೈರ್ಯದಿಂದಲ್ಲ, ಆ ದಣಿವಿನ ಭಯದಿಂದ.

ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ನನಗೆ ದಿನವೂ ಸಿಗುತ್ತಿದ್ದವರು ಗಿರಿಜಮ್ಮ. ಸಖರಾಯಪಟ್ಟಣದ ಶಾಲೆಯಲ್ಲಿ ಹಿರಿಯ ಉಪಾಧ್ಯಾಯಿನಿ, ನಿವೃತ್ತಿಗೆ ಹತ್ತಿರವಾಗಿದ್ದವರು. ನನ್ನ ಅವಸ್ಥೆಯನ್ನು ಅಂಗೈ ಮೇಲೆ ಬರೆದು ತೋರಿಸಿದೆ. ಅವರು ಅಯ್ಯೋ ಎನ್ನಲಿಲ್ಲ.

"ನಾಲ್ಕು ಕ್ಲಾಸನ್ನೂ ಹಲಗೆ ಕಡೆ ಮುಖ ಮಾಡಿ ಕೂರಿಸ್ತೀಯಾ?" ಎಂದು ಕೇಳಿದರು. ಹೌದೆಂದು ತಲೆಯಾಡಿಸಿದೆ. "ಅದಕ್ಕೇ ಕೂಗಬೇಕಾಗಿರೋದು. ಒಂದೊಂದು ಕ್ಲಾಸನ್ನ ಒಂದೊಂದು ಗೋಡೆ ಕಡೆ ತಿರುಗಿಸು. ಗೋಡೆ ಕೆಳಗಡೆ ಮಕ್ಕಳ ಕೈಗೆ ಎಟಕೋ ಹಾಗೆ ಕಪ್ಪು ಬಳಿ. ಮಕ್ಕಳು ಬರೋ ಹೊತ್ತಿಗೆ ಅವರವರ ಗೋಡೆ ಮೇಲೆ ಅವರವರ ಕೆಲಸ ಬರೆದಿರಲಿ. ಆಮೇಲೆ ನೀನು ಸುಮ್ಮನೆ ಓಡಾಡಿಕೊಂಡಿರು. ಮಾತೇ ಬೇಡ." ಬಸ್ಸು ಬಂದಿತು. ಹತ್ತಿ ಕೂತು, "ಗದ್ದಲ ಆದ್ರೆ ಕೈ ಎತ್ತಿ ನಿಂತ್ಕೋ, ಸಾಕು," ಎಂದು ಕಿಟಕಿಯಿಂದ ಹೇಳಿದರು.

ಒಲೆಯ ಇದ್ದಿಲನ್ನು ಪುಡಿಮಾಡಿ ತೊಂಡೆಸೊಪ್ಪಿನ ರಸದಲ್ಲಿ ಅರೆದು, ಮಕ್ಕಳೂ ನಾನೂ ಸೇರಿ ಗೋಡೆಗೆ ಬಳಿದೆವು. ಗೋಡೆಗಿಂತ ಹೆಚ್ಚು ನಮ್ಮ ಮೈಗೇ ಹತ್ತಿತೆನ್ನಿ. ಊರಿನ ಲಕ್ಕಜ್ಜಿ, ಮೊಮ್ಮಗಳು ಒಂದನೇ ತರಗತಿಗೆ ಸೇರಿದಾಗಿನಿಂದ ಶಾಲೆಯ ಮೇಲೆ ಒಂದು ಕಣ್ಣಿಟ್ಟಿದ್ದವಳು, ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು.

"ಏನವ್ವಾ ಮೇಷ್ಟ್ರಮ್ಮ, ಬಾಯೇ ಇಲ್ದೆ ಪಾಟ ಹೆಂಗೆ ಹೇಳ್ತೀಯ?" ಎಂದಳು.

ನಾನು ನಕ್ಕು, ಬಾಯಿಯ ಮೇಲೆ ಕೈಯಿಟ್ಟು, ಗೋಡೆಯತ್ತ ತೋರಿಸಿದೆ. ಅವಳಿಗೆ ಅರ್ಥವಾಯಿತೋ ಇಲ್ಲವೋ, "ಅದೇನು ಮಾಡ್ತೀಯೋ ಮಾಡು ತಾಯಿ, ಬಾಗ್ಲೊಂದು ತೆಗ್ದಿರು," ಎಂದು ಹೊರಟುಹೋದಳು.

ಮೊದಲ ವಾರ ಏನೂ ಸರಿಹೋಗಲಿಲ್ಲ. ಕೈ ಎತ್ತಿ ನಿಂತರೆ ನನ್ನನ್ನು ನೋಡುವವರೇ ಇಲ್ಲ. ತೋಳು ಸೋತು ಬೀಳುವವರೆಗೆ ನಿಂತಿರುತ್ತಿದ್ದೆ. ಎರಡನೆಯವರ ಲೆಕ್ಕ ಮೂರನೆಯವರು ಅಳಿಸುವರು, ಸೀಮೆಸುಣ್ಣಕ್ಕೆ ಜಗಳ. ಒಂದು ಮಧ್ಯಾಹ್ನ ಮಕ್ಕಳನ್ನೆಲ್ಲ ಉಪ್ಪಿಟ್ಟಿಗೆ ಕಳಿಸಿ, ನಾಲ್ಕು ಕಪ್ಪು ಗೋಡೆಗಳ ನಡುವೆ ಒಬ್ಬಳೇ ಕೂತು, ಸದ್ದಿಲ್ಲದೆ ಅತ್ತೆ. ಅಳುವುದಕ್ಕೆ ದನಿ ಬೇಕಿಲ್ಲವೆಂಬುದು ಆಗ ತಿಳಿಯಿತು.

ಬದಲಾವಣೆ ಯಾವ ದಿನ ಬಂದಿತೆಂದು ಹೇಳಲಾರೆ. ನಾನು ಕೈ ಎತ್ತಿದ್ದನ್ನು ಕಂಡ ಒಂದು ಮಗು ತಾನೂ ಕೈ ಎತ್ತಿತು, ಅದನ್ನು ನೋಡಿ ಪಕ್ಕದ್ದು, ಹೀಗೆ ಕೋಣೆಯ ತುಂಬ ಪುಟ್ಟ ಪುಟ್ಟ ಕೈಗಳು ಏಳುವುದು ಅವರಿಗೊಂದು ಆಟವಾಯಿತು. ಕೈ ಎತ್ತಿದವರ ಬಾಯಿ ತಾನಾಗಿ ಮುಚ್ಚುತ್ತಿತ್ತು. ಕೂಡುವುದು ಕಳೆಯುವುದಕ್ಕೆ ಹುಣಸೆಬೀಜ ಕೊಟ್ಟೆ; ಬೀಜ ಉರುಳಿಸುವ ಕೈಗೆ ಪಕ್ಕದವರನ್ನು ಚಿವುಟಲು ಬಿಡುವಿಲ್ಲ. ನಾಲ್ಕನೆಯವರು ಪಾಠವನ್ನು ತಾವೇ ಓದಿ, ಅದರಿಂದ ಒಬ್ಬರಿಗೊಬ್ಬರು ಪ್ರಶ್ನೆ ಮಾಡಬೇಕೆಂದು ಗೋಡೆಯ ಮೇಲೆ ಬರೆದೆ. ಅವರು ಕೇಳಿದ ಪ್ರಶ್ನೆಗಳು ನನ್ನವಕ್ಕಿಂತ ಕಷ್ಟವಾಗಿದ್ದವು. ನಾನು ಮಾತಾಡುತ್ತಿದ್ದಾಗ ಕಿವಿಗೆ ಬೀಳದಿದ್ದ ಎಷ್ಟೋ ಸಂಗತಿಗಳು ಆಗ ಕೇಳತೊಡಗಿದವು. ಮೂರನೆಯ ತರಗತಿಯಲ್ಲಿ ಎಲ್ಲರೊಡನೆ ಸೇರಿ ಪದ್ಯ ಹೇಳುತ್ತಿದ್ದ ಒಬ್ಬ ಹುಡುಗಿಗೆ ಓದಲೇ ಬರುವುದಿಲ್ಲವೆಂದು, ಅವಳು ಬರೀ ತುಟಿಯಾಡಿಸುತ್ತಿದ್ದಳೆಂದು, ವರ್ಷದ ಮೇಲೆ ನನಗೆ ಗೊತ್ತಾದದ್ದು ಆ ಮೌನದಲ್ಲಿ. ಅವಳನ್ನು ದಿನವೂ ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂರಿಸಿಕೊಂಡು, ಬೆರಳಿಟ್ಟು ತೋರಿಸುತ್ತ ಓದಿಸಿದೆ.

ಒಂದನೆಯವರಿಗೆ ಮಾತ್ರ ಅಕ್ಷರ ಹೇಳಿಸುವುದನ್ನು ದೊಡ್ಡ ಮಕ್ಕಳ ಪಾಲಿಗೆ ಬಿಡಲಿಲ್ಲ. ಅದು ನನ್ನ ಆಸೆಬುರುಕತನವೆನ್ನಿ. ಅ ಎಂಬುದನ್ನು ಮಗುವಿನ ಬಾಯಿಂದ ಮೊದಲು ಹೊರಡಿಸುವ ಸುಖವನ್ನು ಬೇರೆಯವರಿಗೆ ಕೊಡಲು ಮನಸ್ಸಾಗಲಿಲ್ಲ. ನನ್ನ ದನಿ ಮರಳುವವರೆಗೆ ಅವರು ಮರಳಿನ ಮೇಲೆ ಗೆರೆ ಎಳೆದರು, ಎಲೆಗಳನ್ನು ಜೋಡಿಸಿದರು, ಬೀಜ ಎಣಿಸಿದರು.

ತಿಂಗಳು ತುಂಬುವ ಮುನ್ನ ಇನ್ಸ್‌ಪೆಕ್ಟರು ಬಂದರು. ಹೊರಗಿನಿಂದ ಸದ್ದೇ ಕೇಳದೆ, ಶಾಲೆಗೆ ರಜೆ ಕೊಟ್ಟುಬಿಟ್ಟಿದ್ದೇನೆಂದುಕೊಂಡು ಸಿಟ್ಟಿನಲ್ಲೇ ಒಳಗೆ ಕಾಲಿಟ್ಟವರು, ನಾಲ್ಕು ಗೋಡೆಗೆ ಮುಖ ಮಾಡಿ ಬರೆಯುತ್ತಿದ್ದ ಮಕ್ಕಳನ್ನು ಕಂಡು ನಿಂತುಬಿಟ್ಟರು. ನಾನು ಸ್ಲೇಟಿನ ಮೇಲೆ ಬರೆದು ವಿಷಯ ತಿಳಿಸಿದೆ.

ಅವರು ಸ್ಲೇಟನ್ನು ಎರಡು ಸಲ ಓದಿದರು. "ಇದು ಸರಿಯಲ್ಲಮ್ಮ. ಮಾತು ಬರದವರು ಪಾಠ ಮಾಡ್ತಿದಾರೆ ಅಂತ ಯಾರಾದರೂ ಅರ್ಜಿ ಹಾಕಿದರೆ ನಾನು ಉತ್ತರ ಕೊಡಬೇಕಾಗುತ್ತೆ. ನೀವು ರಜೆ ಹಾಕೋದೇ ಒಳ್ಳೇದು," ಎಂದರು.

'ಬದಲಿಗೆ ಯಾರನ್ನು ಕಳಿಸುತ್ತೀರಿ?' ಎಂದು ಬರೆದೆ.

ಇನ್ಸ್‌ಪೆಕ್ಟರು ಬಂದ ಸುದ್ದಿ ತಿಳಿದು ಬಾಗಿಲಿಗೆ ಬಂದಿದ್ದ ಲಕ್ಕಜ್ಜಿ, "ಸ್ವಾಮೀ, ಈ ಬಾಗ್ಲು ಒಂದ್ಸಲ ಮುಚ್ಚಿತ್ತು. ನಮ್ಮ ದೊಡ್ಡ ಮೊಮ್ಮಗಳು ಆವಾಗ ಕುರಿ ಹಿಂದೆ ಹೋದೋಳು ಇನ್ನೂ ಕುರಿ ಹಿಂದೇನೇ ಅವ್ಳೆ," ಎಂದಳು. ದೂರಿನ ದನಿಯಲ್ಲಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಇನ್ಸ್‌ಪೆಕ್ಟರು ಕೆಟ್ಟವರಲ್ಲ, ಅವರೂ ನನ್ನಂತೆಯೇ ಬಸ್ಸಿನ ಧೂಳು ಕುಡಿದು, ಬಯಲಲ್ಲಿ ನಡೆದು ದಣಿದು ಬಂದವರು. ನಾಲ್ಕನೆಯವರ ಬಳಿ ಕೂತು ಒಂದೆರಡು ಲೆಕ್ಕ ಕೊಟ್ಟರು. ಮಕ್ಕಳು ಮಾಡಿ ತೋರಿಸಿದರು. ಆಮೇಲೆ, ಯಾರೂ ಕೇಳದಿದ್ದರೂ, ತಾವೇ ಮೂರನೆಯವರಿಗೆ ಗಟ್ಟಿ ದನಿಯಲ್ಲಿ ಒಂದು ಪದ್ಯ ಹೇಳಿಕೊಟ್ಟರು. ಹೆಂಚಿನ ಸದ್ದಿನ ನಡುವೆ ಅರ್ಧಕ್ಕೇ ಅವರಿಗೆ ಕೆಮ್ಮು ಹತ್ತಿತು. ನೀರು ಕುಡಿದು, "ಹೇಗಮ್ಮ ದಿನಾ ಕೂಗ್ತಿದ್ರಿ?" ಎಂದು ಮೆಲ್ಲಗೆ ಕೇಳಿ, ನನ್ನ ದನಿಯ ವಿಷಯ ಎಲ್ಲೂ ಬರೆಯದೆ ಎದ್ದು ಹೋದರು.

ಡಾಕ್ಟರು ಹೇಳಿದ ತಿಂಗಳು ಮುಗಿಯಿತು. ದನಿ ಬಂದಿತು, ಆದರೆ ಬಂದದ್ದು ನನ್ನ ದನಿಯಲ್ಲ. ಮದುವೆಮನೆಗಳಲ್ಲಿ ಹಾಡಲು ಕರೆಯುತ್ತಿದ್ದ ಆ ದನಿ ಎಲ್ಲಿ ಹೋಯಿತೋ, ಅದರ ಜಾಗದಲ್ಲಿ ಒಣಗಿದ ಎಲೆಯ ಮೇಲೆ ಕಾಲಿಟ್ಟಂಥ ಒಂದು ತಗ್ಗಿದ ಸದ್ದು. "ಇನ್ನು ಇಷ್ಟೇ. ಇದನ್ನಾದ್ರೂ ಕಾಪಾಡಿಕೊಳ್ಳಿ," ಎಂದರು ಡಾಕ್ಟರು. ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು "ಕೇಳಿಸುತ್ತಲ್ಲ, ಸಾಕು ಬಿಡು," ಎಂದರು. ಹಾಡು ಹೋದ ದುಃಖವನ್ನು ನಾನು ಯಾರೊಡನೆಯೂ ಆಡಲಿಲ್ಲ. ಆ ದನಿಯಲ್ಲಿ ಆಡಲೂ ನಾಚಿಕೆಯಾಗುತ್ತಿತ್ತು.

ಆ ಒರಟು ದನಿಯಲ್ಲೇ ಒಂದನೆಯವರಿಗೆ ಅಕ್ಷರ ಹೇಳಿಸಿದೆ. ಅವರು ಚೆನ್ನಾಗಿಯೇ ಕಲಿತರು. ದಸರೆಯ ರಜೆ ಕಳೆದ ಮೇಲೆ ಒಂದು ಬೆಳಿಗ್ಗೆ ಲಕ್ಕಜ್ಜಿಯ ಸೊಸೆ ಗಂಗಮ್ಮ ಮಗಳನ್ನು ರಟ್ಟೆ ಹಿಡಿದು ಕರೆತಂದಳು.

"ಮೇಷ್ಟ್ರಮ್ಮ, ಇವಳಿಗೇನೋ ಆಗೈತೆ ಕಣ್ರೀ. ಬೀದೀಲಿ ಆಡುವಾಗ ಊರಿಗೆಲ್ಲ ಕೇಳೋ ಹಂಗೆ ಕಿರುಚ್ತಾಳೆ. ಸ್ಲೇಟು ಹಿಡಿದ್ರೆ ಸಾಕು, ಗಂಟ್ಲು ಕಟ್ಕೊಂಡು ಬಿಡ್ತದೆ. ನಮ್ಮತ್ತೆ ಕಷಾಯ ಕುಡಿಸಿದ್ರೂ ಹೋಗ್ಲಿಲ್ಲ."

"ಅ ಆ ಹೇಳು ಮರಿ," ಎಂದೆ.

ಮಗು ಗಲ್ಲವನ್ನು ಎದೆಗೆ ಒತ್ತಿಕೊಂಡು, ಗಂಟಲ ಆಳದಿಂದ, ಒಣಗಿದ ಎಲೆಯಂಥ ಸದ್ದಿನಲ್ಲಿ ಅ ಎಂದಿತು, ಆ ಎಂದಿತು. ಇಡೀ ಒಂದನೇ ತರಗತಿಯನ್ನು ನಿಲ್ಲಿಸಿ ಹೇಳಿಸಿದೆ. ಎಲ್ಲರದ್ದೂ ಅದೇ ದನಿ. ಅವರು ನನ್ನ ಹಳೆಯ ದನಿಯನ್ನು ಕೇಳಿದ್ದು ಎಷ್ಟು ದಿನ? ಮನೆಯಲ್ಲಿ ಓದು ಬಲ್ಲವರೂ ಇರಲಿಲ್ಲ.

"ಯಾಕೆ ಮರಿ ಹಂಗೆ ಹೇಳ್ತೀಯ?" ಎಂದು ಕೇಳಿದೆ.

ಮಗು ನನ್ನನ್ನು ಆಶ್ಚರ್ಯದಿಂದ ನೋಡಿತು. "ಅಕ್ಷರ ಹಂಗೇ ಅಲ್ವಾ ಮೇಷ್ಟ್ರಮ್ಮ ಇರೋದು?"

ಗಂಗಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗತೊಡಗಿದಳು. ನನಗೂ ನಗು ಬಂದಿತು, ಅದರ ಹಿಂದೆಯೇ ಇನ್ನೇನೋ ಬಂದಿತು. ನನ್ನ ಮುರಿದ ಗಂಟಲನ್ನು ಅವರು ಅಕ್ಷರದ ಭಾಗವೆಂದೇ, ಅದರ ಕೊಂಬು ದೀರ್ಘಗಳ ಜೊತೆಗೆ, ಶ್ರದ್ಧೆಯಿಂದ ಕಲಿತಿದ್ದರು.

ಅವರನ್ನು ಶಾಲೆಯ ಹಿಂದಿನ ಬಯಲಿಗೆ ಕರೆದುಕೊಂಡು ಹೋದೆ. ದೂರದಲ್ಲಿ ಕುರಿಮಂದೆ ಮೇಯುತ್ತಿತ್ತು. "ಅಲ್ಲಿರೋ ಕುರಿಗಳಿಗೆ ಕೇಳೋ ಹಾಗೆ ಹೇಳಬೇಕು, ನೋಡೋಣ," ಎಂದು ನನಗಿದ್ದಷ್ಟು ದನಿಯಲ್ಲಿ ಹೇಳಿ, ಕೈ ಎತ್ತುವ ಬದಲು ಎರಡೂ ತೋಳುಗಳನ್ನು ಅಗಲಿಸಿ, ಬಾಯನ್ನು ಆದಷ್ಟೂ ದೊಡ್ಡದಾಗಿ ತೆರೆದು ನಿಂತೆ. ಮೊದಲು ಅನುಮಾನಿಸಿದರು. ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ಗಂಗಮ್ಮನ ಮಗಳು ಕಣ್ಣು ಮುಚ್ಚಿ, ಬೀದಿಯಲ್ಲಿ ಆಡುವಾಗಿನ ತನ್ನ ಸ್ವಂತ ದನಿಯಲ್ಲಿ, ಅ ಎಂದು ಕೂಗಿದಳು. ಉಳಿದವರು ಹಿಂದೆಯೇ ಕೂಗಿದರು. ಮೇಯುತ್ತಿದ್ದ ಕುರಿಗಳು ತಲೆ ಎತ್ತಿದವು. ಅವುಗಳ ನಡುವೆ ಕೋಲೂರಿ ನಿಂತಿದ್ದ ಲಕ್ಕಜ್ಜಿಯ ದೊಡ್ಡ ಮೊಮ್ಮಗಳೂ ನಮ್ಮತ್ತ ತಿರುಗಿದಳು. ಅವರು ಆ ಎಂದರು, ಇ ಎಂದರು. ನಾನು ಸದ್ದಿಲ್ಲದೆ ಬಾಯಿ ಅಗಲಿಸುತ್ತ ಹೋದೆ, ಅವರು ಕೂಗುತ್ತ ಹೋದರು. ಮಂದೆಯ ನಡುವಿನ ಆ ಹುಡುಗಿ ಕೋಲನ್ನು ಹೆಗಲಿಗೇರಿಸಿಕೊಂಡು, ಕುರಿಗಳನ್ನು ಮೆಲ್ಲಗೆ ನಾವಿದ್ದ ಕಡೆಗೆ ತಿರುಗಿಸಿದಳು.