ಒಗ್ಗರಣೆ ಹಾಕಿದ ಮಧ್ಯಾಹ್ನ

ನನಗೆ ಹತ್ತು ವರ್ಷವಿದ್ದಾಗ ತಂಗಿಗೆ ಗೊಬ್ಬರ ಎದ್ದಿತು. ದಡಾರಕ್ಕೆ ನಮ್ಮ ಕಡೆ ಗೊಬ್ಬರವೆನ್ನುತ್ತಾರೆ. ಅವಳಿಗಾಗ ನಾಲ್ಕು ವರ್ಷ. ಕೆಲಗೇರಿ ಕೆರೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಅಪ್ಪ ಧಾರವಾಡದ ಕಚೇರಿಯೊಂದರಲ್ಲಿ ಪಟ್ಟೇವಾಲ. ಬೆಳಿಗ್ಗೆ ನಡೆದುಹೋದರೆ ಸಂಜೆಗೇ ಬರುತ್ತಿದ್ದ. ಮನೆಯ ಕಾರಭಾರವೆಲ್ಲ ಅಜ್ಜಿಯದು.

ಮೈಮೇಲೆ ಕೆಂಪು ಗುಳ್ಳೆ ಕಂಡ ಕೂಡಲೇ ಅಜ್ಜಿ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದಳು. ಊರದೇವಿ ದ್ಯಾಮವ್ವ ಮನೆಗೆ ಬಂದಿದ್ದಾಳೆ, ತಾನಾಗಿ ಹೋಗುವವರೆಗೆ ಔಷಧಿಯ ಹೆಸರೆತ್ತಬಾರದು, ತಲೆ ಬಾಚಬಾರದು, ಒಗ್ಗರಣೆಯನ್ನಂತೂ ಹಾಕಲೇಬಾರದು. ಎಣ್ಣೆಯಲ್ಲಿ ಸಾಸಿವೆ ಸಿಡಿದು ಘಾಟು ಎದ್ದರೆ ದೇವಿಗೆ ಸಿಟ್ಟು ಬರುತ್ತದೆ. ಇಷ್ಟು ಬೇಗ ಸಿಟ್ಟಾಗುವುದನ್ನು ದೇವಿ ನಮ್ಮ ಅಜ್ಜಿಯ ಹತ್ತಿರವೇ ಕಲಿತಿರಬೇಕು ಎಂದು ನನಗೆ ಆಗಲೇ ಅನ್ನಿಸಿತ್ತು.

ಒಂದು ವಾರ ಸಪ್ಪನೆಯ ಬೇಳೆ ಮತ್ತು ರೊಟ್ಟಿ. ತಂಗಿಯ ಗುಳ್ಳೆ ಬಾಡಿದವು, ಜ್ವರ ಬಿಟ್ಟಿತು. ನನ್ನ ಜಡೆ ಎಳೆದು "ಮಂಗ್ಯಾ" ಎಂದು ಬೈಯುವಷ್ಟು ಗೆಲುವಾದಳು. ದೇವಿಯನ್ನು ಕಳಿಸಲು ತಂಗಿಯ ತಲೆಗೆ ನೀರು ಹಾಕುವುದಕ್ಕೆ ಇನ್ನೂ ಎರಡು ದಿನವಿತ್ತು. ನನಗೆ ತಡೆಯಲಾಗಲಿಲ್ಲ. ಮಧ್ಯಾಹ್ನ ಅಜ್ಜಿ ಹಿತ್ತಲಿಗೆ ಹೋದ ಹೊತ್ತು ನೋಡಿ ಕೆಂಡದ ಮೇಲೆ ಸೌಟಿಟ್ಟು ಎಣ್ಣೆ, ಸಾಸಿವೆ, ಒಂದು ಒಣಮೆಣಸಿನಕಾಯಿ ಹಾಕಿದೆ. ನಾಲಿಗೆಯ ಚಪಲ, ಬೇರೇನಿಲ್ಲ. ಘಾಟು ಹಿತ್ತಲವರೆಗೂ ಹೋಯಿತು.

"ಯಾರಾಕಿ ವಗ್ಗರಣಿ ಹಾಕಿದಾಕಿ?" ಅಜ್ಜಿ ಅಲ್ಲಿಂದಲೇ ಕಿರುಚಿದಳು.

ಅವ್ವ ಪಡಸಾಲೆಯಿಂದ ಓಡಿಬಂದು ನನ್ನ ಕೈಯಿಂದ ಸೌಟು ಕಸಿದುಕೊಂಡಳು. ಅಜ್ಜಿ ಒಳಗೆ ಬಂದಾಗ ಅದು ಅವ್ವನ ಕೈಯಲ್ಲಿತ್ತು.

"ನಾನ ಹಾಕೇನ್ರಿ ಅತ್ತಿ. ಮರತಬಿಟ್ನಿರಿ."

ನಾನು ಬಾಯಿ ಬಿಡಲಿಲ್ಲ.

ಎರಡು ದಿನ ಕಳೆದ ಮೇಲೆ ತಂಗಿ ಬೆಳಿಗ್ಗೆ ಏಳಲಿಲ್ಲ. ಎಬ್ಬಿಸಿ ನಿಲ್ಲಿಸಿದರೆ ಕಾಲು ಕುಸಿದವು. ಮತ್ತೆ ಜ್ವರ ಬಂತು. ಕಣ್ಣು ತೆರೆದೇ ಇದ್ದಳು, ಆದರೆ ಮುಖದ ಮುಂದೆ ನಾನು ಕೈಯಾಡಿಸಿದರೆ ರೆಪ್ಪೆ ಬಡಿಯಲಿಲ್ಲ. "ಆಕಿ ಮುನಿಸಿಕೊಂಡಾಳ" ಎಂದಳು ಅಜ್ಜಿ, ಅವ್ವನ ಕಡೆಗೆ ನೋಡಿ. ಅಪ್ಪ ದವಾಖಾನೆಗೆ ಒಯ್ಯೋಣವೆಂದ. ಬೇಡವೆಂದದ್ದು ಅಜ್ಜಿಯಲ್ಲ, ಅವ್ವ.

"ಐದು ದಿನದ ಹರಕಿ ಹೊತ್ತೇನಿ. ಅದು ಮುಗೀಲಿ. ತಪ್ಪು ನಂದೈತಿ."

ದಿನಾ ನಸುಕಿನಲ್ಲಿ ಕೆರೆಯಲ್ಲಿ ಮುಳುಗಿ ಒದ್ದೆ ಸೀರೆಯಲ್ಲೇ ದ್ಯಾಮವ್ವನ ಗುಡಿಗೆ ನಡೆದಳು. ನಾನು ಅವಳ ಹಿಂದೆ ಊದಿನಕಡ್ಡಿ ಹಿಡಿದು ಹೋಗುತ್ತಿದ್ದೆ. ನಾಲ್ಕನೆಯ ದಿನ ತಂಗಿಗೆ ಸೆಟೆತ ಬಂತು. ಕೈಕಾಲು ಬಿಗಿದು, ಬಾಯಲ್ಲಿ ನೊರೆ ಬಂದು, ಒಂದರ ಹಿಂದೆ ಒಂದು. ಅಪ್ಪ ಯಾರ ಮಾತನ್ನೂ ಕೇಳದೆ ಅವಳನ್ನು ಕಂಬಳಿಯಲ್ಲಿ ಸುತ್ತಿ ಚಕ್ಕಡಿಯಲ್ಲಿ ಹಾಕಿಕೊಂಡು ಧಾರವಾಡಕ್ಕೆ ಹೋದ. ಅಲ್ಲಿಯ ಡಾಕ್ಟರು ಮೆದುಳಿಗೆ ಏರಿದೆ ಎಂದಷ್ಟೇ ಹೇಳಿದರಂತೆ.

ತಿಂಗಳ ಮೇಲೆ ಅವಳನ್ನು ಮನೆಗೆ ತಂದರು. ಕಣ್ಣಿಲ್ಲ, ಮಾತಿಲ್ಲ, ಸೊಂಟದ ಕೆಳಗೆ ಬಲವಿಲ್ಲ. ಅವ್ವನ ದನಿ ಕೇಳಿದರೆ ಮಾತ್ರ ಕತ್ತು ತಿರುಗಿಸುತ್ತಿದ್ದಳು. "ನಾಲಿಗಿ ಚಪಲಕ್ಕ ಮಗಳನ್ನ ಸುಟ್ಟಾಕಿ" ಎಂದು ಓಣಿಯ ಹೆಂಗಸರು ಕೆರೆಯ ದಂಡೆಯಲ್ಲಿ ಅವ್ವನಿಗೆ ಕೇಳುವಂತೆಯೇ ಆಡಿಕೊಂಡರು. ಅವ್ವ ಬಟ್ಟೆ ಒಗೆಯುತ್ತಲೇ ಇದ್ದಳು. ಅಂದಿನಿಂದ ಅವಳು ಒಗ್ಗರಣೆಯದೇನನ್ನೂ ಮುಟ್ಟಲಿಲ್ಲ. ನಮಗೆಲ್ಲ ಒಗ್ಗರಣೆ ಹಾಕಿ ಬಡಿಸುವಳು. ಅದಕ್ಕೆ ಮೊದಲು ತನ್ನ ಪಾಲನ್ನು ಸಪ್ಪಗೆ ತೆಗೆದಿಡುವಳು. ನಾನು ಅವಳ ಎದುರಿಗೇ ಕೂತು ಉಂಡೆ. ವರ್ಷಗಟ್ಟಲೆ ಉಂಡೆ. ನನ್ನಂಥ ಹೇಡಿ ಆ ಓಣಿಯಲ್ಲಿ ಮತ್ತೊಬ್ಬಳಿರಲಿಲ್ಲ.

ಮದುವೆಯಾಗಿ ಹುಬ್ಬಳ್ಳಿಗೆ ಬಂದೆ. ನನ್ನ ಮಗನಿಗೂ ಗೊಬ್ಬರ ಎದ್ದಾಗ ಗಂಡ ಡಾಕ್ಟರರನ್ನು ಮನೆಗೇ ಕರೆತಂದರು. ವಯಸ್ಸಾದ, ಸಮಾಧಾನದ ಮನುಷ್ಯ. ಹೆದರಿಕೆಯ ಭರದಲ್ಲಿ ತಂಗಿಯ ಕಥೆಯನ್ನೆಲ್ಲ ಅವರ ಮುಂದೆ ಒದರಿಬಿಟ್ಟೆ, ಒಗ್ಗರಣೆಯನ್ನೂ ಸೇರಿಸಿ.

ಅವರು ನಗಲಿಲ್ಲ. "ಘಾಟಿಗೂ ಅದಕ್ಕೂ ಸಂಬಂಧ ಇಲ್ಲವ್ವಾ. ಮೆದುಳಿನ್ಯಾಗ ಬಿಳೀ ಭಾಗ ಅಂತ ಒಂದದ. ಅದರಾಗ ಎಳಿ ಎಳಿ ನರ, ಮ್ಯಾಲೊಂದು ಹೊದಿಕಿ. ಗೊಬ್ಬರ ಇಳಿದ ಮ್ಯಾಲೆ ಎಲ್ಲೋ ಒಂದು ಕೂಸಿಗೆ ಆ ಬಿಳೀ ಭಾಗ ಬಾತು, ಹೊದಿಕಿ ಸುಲದ ಹೋಗ್ತದ. ಯಾಕಂತ ನಮಗೂ ಪೂರಾ ತಿಳದಿಲ್ಲ. ಯಾರ ತಪ್ಪೂ ಅಲ್ಲ ಅದು."

ಮಗ ಚೇತರಿಸಿಕೊಂಡ ಮೇಲೆ ಮೊದಲ ರೈಲಿಗೇ ಧಾರವಾಡಕ್ಕೆ ಹೋದೆ. ಅಲ್ಲಿಂದ ಕೆಲಗೇರಿಗೆ ಹೆಚ್ಚುಕಡಿಮೆ ಓಡಿಕೊಂಡೇ ಹೋದೆ. ಅವ್ವ ಜೋಳ ಹಸನು ಮಾಡುತ್ತಿದ್ದಳು. ಬೆಳೆದ ತಂಗಿ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಡಾಕ್ಟರು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಅವ್ವನ ಎದೆಯ ಭಾರ ಇಳಿಸುತ್ತಿದ್ದೇನೆ ಎಂಬ ಸಂಭ್ರಮ ನನಗೆ.

ಅವ್ವನ ಕೈ ಮೊರದಲ್ಲೇ ನಿಂತಿತು.

"ಹಂಗಂದ್ರ ಆಕಿ ಮುನಿದಿರಲಿಲ್ಲ?"

"ಇಲ್ಲಬೇ."

"ಮತ್ತ ನಾ ಯಾಕ ಕಾದ್ನಿ? ನಿಮ್ಮಪ್ಪ ಅಂದ ದಿನಾನ ಒಯ್ದಿದ್ರ ಇದರ ಕಣ್ಣು ಉಳೀತಿತ್ತೇನ?"

ಇದನ್ನು ನಾನು ಡಾಕ್ಟರರಿಗೆ ಕೇಳಿರಲಿಲ್ಲ. ನನ್ನದಷ್ಟೇ ಕೇಳಿಕೊಂಡು ಬಂದಿದ್ದೆ.

"ಒಯ್ದಿದ್ರೂ ಏನೂ ಆಗತಿರಲಿಲ್ಲ ಅಂದ್ರು."

"ಖರೇ?"

"ಖರೇನಬೇ."

ಅವ್ವ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಅಂದು ಒಲೆಯ ಮುಂದೆ ನನ್ನ ಕೈಯಿಂದ ಸೌಟು ಕಸಿದುಕೊಂಡಾಗಲೂ ಅವಳು ಅದೇ ಮುಖವನ್ನು ನೋಡಿದ್ದಳು. ಮತ್ತೆ ಮೊರ ಎತ್ತಿಕೊಂಡಳು. ಸಂಜೆ ಬೇಳೆ ಬೆಂದ ಮೇಲೆ ತನ್ನ ಪಾಲನ್ನು ಸಪ್ಪಗೆ ತೆಗೆದಿಟ್ಟು, ನನಗೆ ಒಗ್ಗರಣೆ ಹಾಕಿ ಬಡಿಸಿದಳು.