ಹಾಲಿನಲ್ಲಿ ಎರಡು ಚಮಚ

...ಹಿತ್ತಾಳೆ ಲೋಟವೇ ಆಗಿತ್ತೇ? ಸ್ಟೀಲಿನದೂ ಇದ್ದಿರಬಹುದು. ಹಾಲು ಬಿಸಿಯಿತ್ತು, ಅದರಲ್ಲಿ ಎರಡು ಚಮಚ ಬ್ರಾಂಡಿ ಇತ್ತು, ಕೊಟ್ಟವರು ಅತ್ತೆ. ಇಷ್ಟನ್ನು ನಂಬುತ್ತೇನೆ. ಯಾವಾಗ ಎಂದು ಇದುವರೆಗೆ ಯಾರೂ ಕೇಳಿರಲಿಲ್ಲ.

ಕೇಳಿದವರು ಬೆಳಗಾವಿಯ ನ್ಯೂರಾಲಜಿಸ್ಟ್. ಮಗಳು ಶೋಭಾಳನ್ನು ತೋರಿಸಲು ಹೋಗಿದ್ದೆ. ಅವಳಿಗೆ ಇಪ್ಪತ್ತನಾಲ್ಕು ವರ್ಷ. ಬೈಲಹೊಂಗಲದ ರೊಟ್ಟಿ ಕೇಂದ್ರವೊಂದರಲ್ಲಿ ಕೆಲಸ. ಶಾಲೆಯಲ್ಲಿ ಹಿಂದಿದ್ದಳು, ನಿಧಾನ ಅಂದುಕೊಂಡಿದ್ದೆವು. ಈ ವರ್ಷ ಆ ಕೇಂದ್ರ ಎರಡು ಓಣಿ ಆಚೆಗೆ ಹೋಯಿತು. ತಿಂಗಳಾದರೂ ಶೋಭಾ ದಿನಾ ಬೆಳಿಗ್ಗೆ ಹಳೆಯ ಜಾಗದ ಮುಚ್ಚಿದ ಶಟರ್ ಮುಂದೆ ನಿಂತಿರುತ್ತಿದ್ದಳು.

“ಇವತ್ತೂ ತಗದಿಲ್ಲವಾ,” ಎನ್ನುತ್ತಿದ್ದಳು.

ಡಾಕ್ಟರ್ ಅವಳ ತಲೆ ಅಳೆದರು, ಎಂಆರ್‌ಐ ನೋಡಿದರು. “ಇಕಿ ಹೊಟ್ಟ್ಯಾಗ ಇದ್ದಾಗ ನೀವು ಕುಡದಿದ್ರೇನ್ರಿ?”

“ನಮ್ಮನ್ಯಾಗ ಗಂಡಸರೂ ಕುಡಿಯೂದಿಲ್ರಿ!” ನಕ್ಕುಬಿಟ್ಟೆ.

ಆಮೇಲೆ ಲೋಟ ನೆನಪಾಯಿತು, ಹೇಳಿದೆ. ಯಾವಾಗ ಎಂದು ಕೇಳಿದರು.

ಡಾಕ್ಟರ್ ವಿವರಿಸಿದರು: ದೊಡ್ಡವರಾದ ಮೇಲೂ ಮೆದುಳಿನ ನೆನಪಿನ ಭಾಗದಲ್ಲಿ ಹೊಸ ಕೋಶಗಳು ಹುಟ್ಟುತ್ತವಂತೆ, ಹೊಸ ಜಾಗ ಗುರುತಿಟ್ಟುಕೊಳ್ಳಲು ಅವು ಬೇಕಂತೆ. ಬಸಿರಿನಲ್ಲಿ ಸೇರಿದ ಮದ್ಯ ಆ ಹುಟ್ಟನ್ನು ವರ್ಷಗಳಾಚೆಯೂ ಕುಗ್ಗಿಸಬಲ್ಲದು ಎಂಬುದು ಇಲಿಗಳಲ್ಲಿ ಕಂಡಿದೆ. ಮನುಷ್ಯರಲ್ಲಿ ಖಚಿತವಿಲ್ಲ. ಸ್ಕ್ಯಾನಿನಲ್ಲಿ ಅದು ಕಾಣುವುದೂ ಇಲ್ಲ.

ಮನೆಗೆ ಬಂದು ಅತ್ತೆಯನ್ನು ಕೇಳಿದೆ.

“ಬಾಣಂತಿಗೆ ಎಲ್ಲಾರೂ ಕೊಡತಾರವಾ.”

“ಹಡದ ಮ್ಯಾಲ ಕೊಟ್ರ್ಯೋ, ಮೊದಲೋ?”

“ಥಂಡಿ ಏನ ಕ್ಯಾಲೆಂಡರ್ ನೋಡಿ ಬರತೈತೇನ?”

ಬಾಣಂತಿಗೆ. ಆ ಮಾತನ್ನು ಎರಡು ದಿನ ಹಿಡಿದುಕೊಂಡೆ. ಆದರೆ ಅದು ಚೊಚ್ಚಲ ಹೆರಿಗೆ. ಏಳನೇ ತಿಂಗಳಲ್ಲಿ ಸೀಮಂತದಲ್ಲಿ ಕೊಟ್ಟ ಕುಬಸದ ಸೀರೆ ಉಟ್ಟು ಸವದತ್ತಿಯ ತವರಿಗೆ ಹೋದವಳು, ಕೂಸಿಗೆ ಐದು ತಿಂಗಳು ತುಂಬಿದ ಮೇಲೆ ತಿರುಗಿ ಬಂದೆ. ಬಾಣಂತನ ಮಾಡಿದವಳು ನನ್ನ ಅವ್ವ. ಅತ್ತೆ ಅಲ್ಲಿಗೆ ಬಂದದ್ದು ತೊಟ್ಟಿಲ ದಿನ ಮಾತ್ರ. ಲೋಟ ನೆನಪಿರುವುದು ಇಲ್ಲಿಯ ಒಲೆಯ ಮುಂದೆ, ಹಲವು ದಿನ. ತಿರುಗಿ ಬಂದ ಮೇಲೆ ಕೊಟ್ಟರೇ? ಬಂದದ್ದು ಸುಡುಬೇಸಿಗೆಯಲ್ಲಿ. ಆಗ ಯಾರಿಗೆ ಥಂಡಿ?

ಹಾಗಾದರೆ ಮೊದಲೇ.

ಈ ಲೆಕ್ಕ ಹೇಳಿದಾಗ ಅತ್ತೆ ಒಪ್ಪಿಕೊಂಡರು. “ನಿನಗ ಕೆಮ್ಮ ಭಾಳ ಇತ್ತವಾ. ಕೆಮ್ಮಿದಾಗೊಮ್ಮೆ ಹೊಟ್ಟಿ ಅಳ್ಳಾಡತಿತ್ತು. ಔಷಧ ಅಂತ ಕೊಟ್ಟೆ.”

ನಾನೂ ಔಷಧವೆಂದೇ ಕುಡಿದಿದ್ದೆ. ಯಾರನ್ನು ಬೈಯಲಿ?

ಈಗ ಶೋಭಾಳ ಜೊತೆ ದಿನಾ ಹೋಗುತ್ತೇನೆ. ಹೊಸ ಕೇಂದ್ರದ ಓಣಿಯ ತಿರುವಿನಲ್ಲಿ ಬೇಕೆಂದೇ ಹಿಂದೆ ಉಳಿಯುತ್ತೇನೆ. ವಾರದಲ್ಲಿ ಒಂದೆರಡು ಸಲ ಸರಿಯಾಗಿ ತಿರುಗುತ್ತಾಳೆ. ಅಷ್ಟು ಸಾಕು ಎಂದುಕೊಳ್ಳುತ್ತೇನೆ. ಸಾಕಾಗುವುದಿಲ್ಲ.

“ಅವ್ವಾ, ನಿನಗಾದ್ರೂ ದಾರಿ ಗೊತ್ತೈತಿಲ್ಲ?” ಎಂದು ನಗುತ್ತಾಳೆ.

ಎಷ್ಟು ದಿನ ಕುಡಿದೆನೋ ತಿಳಿಯದು. ಅದರಿಂದಲೇ ಹೀಗಾಯಿತೇ, ಡಾಕ್ಟರಿಗೂ ತಿಳಿಯದು. ಶೋಭಾಳಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಅದು ಅವಳ ನೆನಪಿನಲ್ಲಿ ಉಳಿಯುತ್ತದೆಯೋ ಇಲ್ಲವೋ, ನನಗೆ ಗೊತ್ತಿಲ್ಲ.